ಸಂಬಳ ಚೀಟಿಯೊಳಗೊಂದು ಚರ್ಚು

ಜರ್ಮನಿಯಲ್ಲಿ ಹೊಸದಾಗಿ ಮನೆ ಹಿಡಿದವರು ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ‘ಆನ್‌ಮೆಲ್ಡುಂಗ್’ ಎಂದು ಕರೆಯುವ ಈ ಕೆಲಸ ಮುಗಿಯದೆ ತೆರಿಗೆ ಸಂಖ್ಯೆ ಕೈಗೆ ಬರುವುದಿಲ್ಲ. ಅಲ್ಲಿ ತುಂಬುವ ಅರ್ಜಿಯಲ್ಲಿ ಹುಟ್ಟಿದ ದಿನ, ಹಳೆಯ ವಿಳಾಸ, ಮದುವೆಯ ವಿವರಗಳ ನಡುವೆ ಒಂದು ಸಣ್ಣ ಕಾಲಂ ಇದೆ: ಧರ್ಮ. ಶಾಲೆಗೆ ಸೇರಿದ ದಿನದಿಂದ ಎಲ್ಲ ಕಾಗದದಲ್ಲೂ ಧರ್ಮ, ಜಾತಿ ಬರೆದು ರೂಢಿಯಾದ ನಮ್ಮವರು ಹೆಚ್ಚು ಯೋಚಿಸದೆ ತುಂಬಿಬಿಡುತ್ತಾರೆ. ಬೆಂಗಳೂರಿನ ಹಿಂದೂ ಎಂಜಿನಿಯರ್ ಏನು ಬರೆದರೂ ತೆರಿಗೆ ದಾಖಲೆಯಲ್ಲಿ ಬೀಳುವುದು ಎರಡು ಅಡ್ಡಗೆರೆ. ಮಂಗಳೂರಿನ ಕ್ಯಾಥೊಲಿಕ್ ನರ್ಸ್ ತುಂಬಿದ ಅರ್ಜಿಯಿಂದ ಮಾತ್ರ ‘ಆರ್‌ಕೆ’ ಎಂಬ ಗುರುತು ಹೊರಟು ತೆರಿಗೆ ಇಲಾಖೆಗೆ, ಅಲ್ಲಿಂದ ಆಸ್ಪತ್ರೆಯ ಸಂಬಳ ವಿಭಾಗಕ್ಕೆ ತಲುಪುತ್ತದೆ. ಮೊದಲ ತಿಂಗಳ ಸಂಬಳ ಚೀಟಿಯಲ್ಲಿ ಆದಾಯ ತೆರಿಗೆ, ಪಿಂಚಣಿ, ಆರೋಗ್ಯ ವಿಮೆಯ ಕಡಿತಗಳ ಕೆಳಗೆ ಇನ್ನೊಂದು ಸಾಲು ಕಾಣಿಸುತ್ತದೆ: ‘ಕಿರ್ಶೆನ್‌ಶ್ಟೋಯರ್’. ಅಂದರೆ ಚರ್ಚ್ ತೆರಿಗೆ.

ಪಾಶ್ಚಾತ್ಯ ಸಮಾಜದ ಮೇಲೆ ಧರ್ಮದ ಪ್ರಭಾವ ಎಂಬ ಮಾತು ಬಂದೊಡನೆ ವಾದ ಎರಡು ಬಣವಾಗುತ್ತದೆ. ಮಾನವ ಹಕ್ಕು, ಆಸ್ಪತ್ರೆ, ವಿಶ್ವವಿದ್ಯಾಲಯ ಎಲ್ಲವೂ ಕ್ರೈಸ್ತ ಧರ್ಮದ ಕೊಡುಗೆ ಎನ್ನುವವರು ಒಂದು ಕಡೆ. ಚರ್ಚಿನ ಹಿಡಿತ ಬಿಡಿಸಿಕೊಂಡ ಮೇಲೆಯೇ ಯೂರೋಪು ಮುಂದೆ ಬಂದಿತು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅಳೆಯಲು ಹೊರಡುವುದು ಜನರ ಮನಸ್ಸಿನೊಳಗಿನ ನಂಬಿಕೆಯನ್ನು. ಆದರೆ ಧರ್ಮ ಅಲ್ಲಿ ಗಟ್ಟಿಯಾಗಿ ಕೂತಿರುವ ಜಾಗ ಬೇರೆ. ತೆರಿಗೆಯ ಕಲಮು, ಶಿಶುವಿಹಾರದ ಆಡಳಿತ ಮಂಡಳಿ, ಭಾನುವಾರ ಅಂಗಡಿಗೆ ಬೀಳುವ ಬೀಗ, ಇವುಗಳಲ್ಲಿ. ನಂಬಿಕೆ ಕರಗಿದರೂ ಈ ಏರ್ಪಾಡುಗಳು ಕರಗಲಿಲ್ಲ. ಇದನ್ನು ಜರ್ಮನಿಯಷ್ಟು ಚೆನ್ನಾಗಿ ತೋರಿಸುವ ದೇಶ ಇನ್ನೊಂದಿಲ್ಲ. ಏಕೆಂದರೆ ಅಲ್ಲಿ ಇದರ ಲೆಕ್ಕ ಪೈಸೆ ಪೈಸೆಗೂ ಸಿಗುತ್ತದೆ.

ಮೊದಲು ಆ ಲೆಕ್ಕವನ್ನೇ ನೋಡೋಣ. ಚರ್ಚ್ ತೆರಿಗೆ ಸಂಬಳದ ಮೇಲೆ ಬೀಳುವುದಲ್ಲ, ಆದಾಯ ತೆರಿಗೆಯ ಮೇಲೆ ಬೀಳುವ ತೆರಿಗೆ. ಬವೇರಿಯ ಮತ್ತು ಬಾಡೆನ್–ವುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇ 8, ಉಳಿದೆಲ್ಲ ಕಡೆ ಶೇ 9. ವರ್ಷಕ್ಕೆ 10,000 ಯೂರೋ ಆದಾಯ ತೆರಿಗೆ ಕಟ್ಟುವವರು ಬರ್ಲಿನ್‌ನಲ್ಲಿದ್ದರೆ ಚರ್ಚಿಗೆ 900, ಮ್ಯೂನಿಕ್‌ನಲ್ಲಿದ್ದರೆ 800 ಯೂರೋ ಹೋಗುತ್ತದೆ. ಮಕ್ಕಳಿದ್ದರೆ ಮಕ್ಕಳ ವಿನಾಯಿತಿ ಕಳೆದು ಬರುವ ತೆರಿಗೆಯ ಮೇಲೆ ಲೆಕ್ಕ ಹಾಕುವುದರಿಂದ ಮೊತ್ತ ಇನ್ನೂ ಇಳಿಯುತ್ತದೆ. ಕಟ್ಟಿದ ಚರ್ಚ್ ತೆರಿಗೆಯನ್ನು ಮತ್ತೆ ಆದಾಯದಿಂದ ಕಳೆದು ತೋರಿಸಬಹುದು. ಕೊನೆಯ ಹಂತದಲ್ಲಿ ಶೇ 35ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಆ 900ರ ನಿಜವಾದ ಹೊರೆ ಸುಮಾರು 585 ಯೂರೋ. ದೊಡ್ಡ ಆದಾಯದವರಿಗೆ ಇನ್ನೊಂದು ಸೌಲಭ್ಯವಿದೆ: ಬವೇರಿಯ ಬಿಟ್ಟು ಬಹುತೇಕ ಕಡೆ ಚರ್ಚ್ ತೆರಿಗೆ ತೆರಿಗೆಗೊಳಪಡುವ ಆದಾಯದ ಶೇ 2.75ರಿಂದ 4ರ ಮಿತಿ ದಾಟುವಂತಿಲ್ಲ. ಕೆಲವು ಕಡೆ ಇದು ತಾನಾಗಿ ಸಿಗುತ್ತದೆ, ಕೆಲವು ಕಡೆ ಅರ್ಜಿ ಹಾಕಿದವರಿಗೆ ಮಾತ್ರ. ಗೊತ್ತಿಲ್ಲದವರು ಕಟ್ಟುತ್ತಲೇ ಇರುತ್ತಾರೆ.

ವಸೂಲಿ ಮಾಡುವುದು ಪಾದ್ರಿಯಲ್ಲ, ಸರ್ಕಾರದ ತೆರಿಗೆ ಕಚೇರಿ. ಆ ಕೆಲಸಕ್ಕೆ ರಾಜ್ಯಗಳು ಸಂಗ್ರಹದ ಶೇ 2ರಿಂದ 4ರಷ್ಟನ್ನು ಕೂಲಿಯಾಗಿ ಇಟ್ಟುಕೊಳ್ಳುತ್ತವೆ. ಚರ್ಚು ತಾನೇ ಮನೆ ಮನೆಗೆ ಬಿಲ್ ಕಳಿಸಿ ವಸೂಲಿ ಮಾಡಬೇಕಾಗಿದ್ದರೆ ಖರ್ಚು ಇದಕ್ಕಿಂತ ಎಷ್ಟೋ ಹೆಚ್ಚು. 2023ರಲ್ಲಿ ಹೀಗೆ ಬಂದ ಹಣ ಕ್ಯಾಥೊಲಿಕ್ ಚರ್ಚಿಗೆ ಸುಮಾರು 650 ಕೋಟಿ ಯೂರೋ, ಪ್ರೊಟೆಸ್ಟೆಂಟ್ ಚರ್ಚಿಗೆ ಸುಮಾರು 590 ಕೋಟಿ ಯೂರೋ. ಇಷ್ಟು ಹಣ ಕೊಡುವವರು ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ. ಮಕ್ಕಳು, ಸಣ್ಣ ಪಿಂಚಣಿಯ ಮುದುಕರು, ಕಡಿಮೆ ಸಂಬಳದವರು ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲವಾದ್ದರಿಂದ ಚರ್ಚ್ ತೆರಿಗೆಯೂ ಇಲ್ಲ. ಇಡೀ ಭಾರ ಬೀಳುವುದು ದುಡಿಯುವ ವಯಸ್ಸಿನ, ಒಳ್ಳೆಯ ಸಂಬಳದ ಜನರ ಮೇಲೆ. ಹಬ್ಬಕ್ಕೂ ಚರ್ಚಿಗೆ ಹೋಗದವರು ಹೆಚ್ಚಾಗಿ ಇರುವುದೂ ಅದೇ ಗುಂಪಿನಲ್ಲಿ.

ಜಮೀನು ಹೋಗಿ ತೆರಿಗೆ ಬಂತು

ಈ ತೆರಿಗೆ ಮಧ್ಯಯುಗದಿಂದ ಉಳಿದುಬಂದ ದಶಾಂಶ ಕಾಣಿಕೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಇದು ಹುಟ್ಟಿದ್ದು ಚರ್ಚು ಆಸ್ತಿ ಕಳೆದುಕೊಂಡದ್ದರಿಂದ. ನೆಪೋಲಿಯನ್‌ನ ಯುದ್ಧಗಳಲ್ಲಿ ರೈನ್ ನದಿಯ ಎಡದಂಡೆ ಫ್ರಾನ್ಸಿನ ಪಾಲಾಯಿತು. ಅಲ್ಲಿ ನೆಲ ಕಳೆದುಕೊಂಡ ಜರ್ಮನ್ ಅರಸರಿಗೆ ಪರಿಹಾರ ಕೊಡಬೇಕಿತ್ತು. 1803ರ ಫೆಬ್ರುವರಿ 25ರಂದು ರೇಗನ್ಸ್‌ಬುರ್ಗ್‌ನಲ್ಲಿ ಆದ ತೀರ್ಮಾನದಂತೆ ಬಿಷಪ್ಪರ ಸಂಸ್ಥಾನಗಳು, ಮಠಗಳು, ಅವುಗಳ ಕಾಡು, ಹೊಲ, ದ್ರಾಕ್ಷಿತೋಟ ಎಲ್ಲವೂ ಅರಸರ ಕೈಗೆ ಹೋದವು. ಆಸ್ತಿ ಪಡೆದವರು ಪಾದ್ರಿಗಳ ಸಂಬಳ, ಚರ್ಚಿನ ಕಟ್ಟಡಗಳ ರಿಪೇರಿ ನೋಡಿಕೊಳ್ಳಬೇಕೆಂಬ ಹೊಣೆಯೂ ಜತೆಗೆ ಬಂತು. ಕೆಲವು ದಶಕ ಅದು ನಡೆಯಿತು. ಕಾರ್ಖಾನೆಗಳ ಕಾಲ ಬಂದು ನಗರಗಳಲ್ಲಿ ಜನ ತುಂಬಿ, ಬೀದಿಗೊಂದು ಹೊಸ ಚರ್ಚು ಬೇಕಾದಾಗ ಖಜಾನೆಗಳು ಕೈಯೆತ್ತಿದವು: ನಿಮ್ಮ ಚರ್ಚಿನ ಖರ್ಚು ನಿಮ್ಮ ಸದಸ್ಯರಿಂದಲೇ ಎತ್ತಿಕೊಳ್ಳಿ, ಬೇಕಾದರೆ ಕಾನೂನು ಮಾಡಿಕೊಡುತ್ತೇವೆ. 1827ರಲ್ಲಿ ಲಿಪ್ಪೆ ಎಂಬ ಪುಟ್ಟ ಸಂಸ್ಥಾನದಲ್ಲಿ ಶುರುವಾದದ್ದು 1892ರಲ್ಲಿ ಬವೇರಿಯಕ್ಕೂ ಬಂತು. ಅಂದರೆ ಚರ್ಚ್ ತೆರಿಗೆಯ ಮೂಲ ಉದ್ದೇಶ ಚರ್ಚನ್ನು ಸರ್ಕಾರದ ಹಣದಿಂದ ಬಿಡಿಸುವುದು. ಈಗ ಅದನ್ನೇ ಸರ್ಕಾರ–ಚರ್ಚುಗಳ ಅಂಟಿಗೆ ಸಾಕ್ಷಿಯಾಗಿ ತೋರಿಸುತ್ತಾರೆ.

1803ರ ಹೊಣೆ ಪೂರ್ತಿ ಅಳಿಯಲಿಲ್ಲ ಎಂಬುದು ಇನ್ನೂ ಸ್ವಾರಸ್ಯ. ಹಾಂಬುರ್ಗ್, ಬ್ರೆಮೆನ್ ಬಿಟ್ಟು ಉಳಿದ 14 ರಾಜ್ಯಗಳು ಇಂದಿಗೂ ಎರಡು ಚರ್ಚುಗಳಿಗೆ ವರ್ಷಕ್ಕೆ ಒಟ್ಟು ಸುಮಾರು 60 ಕೋಟಿ ಯೂರೋ ಕೊಡುತ್ತವೆ. ಇದು ಚರ್ಚ್ ತೆರಿಗೆಯಲ್ಲ. ಸಾಮಾನ್ಯ ಖಜಾನೆಯಿಂದ, ಅಂದರೆ ಮುಸ್ಲಿಮರು, ನಾಸ್ತಿಕರು, ಅಲ್ಲಿ ದುಡಿಯುವ ಕನ್ನಡಿಗರು ಎಲ್ಲರೂ ಕಟ್ಟಿದ ತೆರಿಗೆಯಿಂದ ಹೋಗುವ ಹಣ. ಇನಾಂ ಜಮೀನು ಸರ್ಕಾರಕ್ಕೆ ಹೋದ ದೇವಸ್ಥಾನಗಳಿಗೆ ನಮ್ಮ ಮುಜರಾಯಿ ಇಲಾಖೆ ಕೊಡುವ ತಸ್ತೀಕನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 1919ರ ವೈಮಾರ್ ಸಂವಿಧಾನದ 138ನೇ ವಿಧಿ ಇದನ್ನು ಒಂದೇ ಗಂಟಿನಲ್ಲಿ ತೀರಿಸಿ ಮುಗಿಸಿ ಎಂದಿತ್ತು. ನೂರು ವರ್ಷ ದಾಟಿದರೂ ಆಗಿಲ್ಲ. 2020ರಲ್ಲಿ ಮೂರು ವಿರೋಧ ಪಕ್ಷಗಳು ಸೇರಿ ವಾರ್ಷಿಕ ಮೊತ್ತದ 18.6 ಪಟ್ಟು ಕೊಟ್ಟು ಕೈತೊಳೆದುಕೊಳ್ಳುವ ಮಸೂದೆ ತಂದವು. ಮರುವರ್ಷ ಅದು ಸಂಸತ್ತಿನಲ್ಲಿ ಬಿತ್ತು. 2021ರಲ್ಲಿ ಬಂದ ಹೊಸ ಸರ್ಕಾರದ ಒಪ್ಪಂದದಲ್ಲೂ ಆ ಭರವಸೆ ಇತ್ತು, ಈಡೇರಲಿಲ್ಲ. ತಡೆ ಇರುವುದು ಸಿದ್ಧಾಂತದಲ್ಲಲ್ಲ. ಒಂದೇ ಸಲಕ್ಕೆ ಸಾವಿರ ಕೋಟಿ ಯೂರೋಗಿಂತ ಹೆಚ್ಚು ಕೊಡಲು ಯಾವ ರಾಜ್ಯದ ಹಣಕಾಸು ಮಂತ್ರಿಯೂ ತಯಾರಿಲ್ಲ. ವರ್ಷಾ ವರ್ಷಾ ಕೊಡುತ್ತಾ ಹೋಗುವುದು ಅವರಿಗೆ ಸಲೀಸು.

ಅದೇ ವೈಮಾರ್ ಸಂವಿಧಾನದ 137ನೇ ವಿಧಿ ‘ಸರ್ಕಾರಿ ಚರ್ಚು ಎಂಬುದಿಲ್ಲ’ ಎನ್ನುತ್ತಲೇ, ಸಾರ್ವಜನಿಕ ನಿಗಮದ ಸ್ಥಾನ ಪಡೆದ ಧಾರ್ಮಿಕ ಸಂಸ್ಥೆಗಳಿಗೆ ತೆರಿಗೆ ಹಾಕುವ ಹಕ್ಕನ್ನೂ ಕೊಟ್ಟಿತು. 1949ರ ಸಂವಿಧಾನ ಬರೆಯುವವರು ಈ ವಿಷಯದಲ್ಲಿ ಒಮ್ಮತಕ್ಕೆ ಬರಲಾರದೆ ಹಳೆಯ ಐದು ವಿಧಿಗಳನ್ನು ಹಾಗೆಯೇ ಎತ್ತಿ 140ನೇ ವಿಧಿಯಾಗಿ ಸೇರಿಸಿದರು. ರಾಜಿಯಾಗಿ ಉಳಿದದ್ದು ಅಡಿಪಾಯವಾಯಿತು. ಹಕ್ಕು ಕ್ರೈಸ್ತರಿಗೆ ಮಾತ್ರ ಮೀಸಲಲ್ಲ. ಕೆಲವು ಯೆಹೂದಿ ಸಮುದಾಯಗಳೂ ಹೀಗೆ ತೆರಿಗೆ ಎತ್ತುತ್ತವೆ. ಮುಸ್ಲಿಂ ಸಂಘಟನೆಗಳಲ್ಲಿ ಅಹ್ಮದಿಯ ಜಮಾತ್‌ಗೆ 2013ರಲ್ಲಿ ಹೆಸ್ಸೆ ರಾಜ್ಯ ಈ ಸ್ಥಾನ ಕೊಟ್ಟಿತು. ಉಳಿದವಕ್ಕೆ ಸಿಗದಿರಲು ಒಂದು ಕಾರಣ ಬಹಳ ಸರಳ: ಮಸೀದಿಗಳಲ್ಲಿ ಚರ್ಚಿನಂತೆ ಸದಸ್ಯರ ಪಟ್ಟಿ ಇಡುವ ಪದ್ಧತಿ ಇಲ್ಲ. ಎಲ್ಲ ಧರ್ಮಗಳಿಗೂ ಸಮಾನ ಎಂದು ಬರೆದ ನಿಯಮದ ಅಳತೆಗೋಲೇ ಚರ್ಚಿನ ಆಕಾರದ್ದು.

ಓದು, ದುಡಿಮೆ ಮತ್ತು ಲೂಥರ್

ಅಭಿವೃದ್ಧಿಯ ಪ್ರಶ್ನೆಗೆ ಬಂದರೆ ಮೊದಲು ಎದ್ದು ನಿಲ್ಲುವ ಹೆಸರು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್. ಪ್ರೊಟೆಸ್ಟೆಂಟರ ದುಡಿಮೆಯ ನಿಷ್ಠೆ, ಮಿತವ್ಯಯಗಳೇ ಬಂಡವಾಳಶಾಹಿಗೆ ಬಲ ಕೊಟ್ಟವು ಎಂದು ಆತ 1904–05ರಲ್ಲಿ ವಾದಿಸಿದ. ಕಾಲೇಜು ನೋಟ್ಸುಗಳಲ್ಲಿ ಇದು ಇನ್ನೂ ವೇದವಾಕ್ಯ. ಅಂಕಿಅಂಶ ಹಿಡಿದು ಕೂತವರಿಗೆ ಸಿಕ್ಕಿದ್ದು ಬೇರೆ. ಸಾಶಾ ಬೆಕರ್ ಮತ್ತು ಲುಡ್ಗರ್ ವೋಸ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಆಗಿನ ದೊಡ್ಡ ಜರ್ಮನ್ ರಾಜ್ಯವಾಗಿದ್ದ ಪ್ರಷ್ಯದ 452 ಜಿಲ್ಲೆಗಳ 1871ರ ಜನಗಣತಿಯನ್ನು ಜಾಲಾಡಿ 2009ರಲ್ಲಿ ಹೇಳಿದ್ದು: ಪ್ರೊಟೆಸ್ಟೆಂಟ್ ಜಿಲ್ಲೆಗಳು ಮುಂದಿದ್ದದ್ದು ನಿಜ, ಆದರೆ ಓದುಬರಹ ಬಲ್ಲವರ ಪ್ರಮಾಣದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಮುನ್ನಡೆಯ ಬಹುಪಾಲು ಅದರಲ್ಲೇ ಮುಗಿದುಹೋಗುತ್ತದೆ. ಬೈಬಲನ್ನು ಪ್ರತಿಯೊಬ್ಬರೂ ತಮ್ಮ ನುಡಿಯಲ್ಲಿ ಓದಬೇಕೆಂದು ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಹಟ ಹಿಡಿದ. 1524ರಲ್ಲಿ ನಗರಸಭೆಗಳಿಗೆ ಪತ್ರ ಬರೆದು ಗಂಡು–ಹೆಣ್ಣು ಮಕ್ಕಳಿಬ್ಬರಿಗೂ ಶಾಲೆ ತೆರೆಯಿರಿ ಎಂದ. ಓದಲು ಕಲಿತವರು ಬೈಬಲಿನ ಜತೆಗೆ ಲೆಕ್ಕದ ಪುಸ್ತಕವನ್ನೂ ಓದಿದರು. ಲೂಥರ್ ಅದನ್ನು ಬಯಸಿದ್ದನೇ ಎಂಬುದು ಬೇರೆ ಮಾತು. ಇನ್ನೊಬ್ಬ ಸಂಶೋಧಕ ಡೇವಿಡೆ ಕಾಂಟೋನಿ 1300ರಿಂದ 1900ರವರೆಗಿನ 272 ಜರ್ಮನ್ ನಗರಗಳನ್ನು ಹೋಲಿಸಿ, ಪ್ರೊಟೆಸ್ಟೆಂಟ್ ಆಗಿದ್ದರಿಂದ ನಗರದ ಬೆಳವಣಿಗೆಗೆ ಯಾವ ಲಾಭವೂ ಆಗಿಲ್ಲ ಎಂದ. ಎರಡನ್ನೂ ಜತೆಗಿಟ್ಟು ಓದಿದರೆ, ವೆಬರ್ ಹೇಳಿದ ‘ಮನೋಧರ್ಮ’ಕ್ಕಿಂತ ಊರ ಶಾಲೆಯ ಹಲಗೆಗೆ ತೂಕ ಹೆಚ್ಚು ಅನಿಸುತ್ತದೆ.

ಆ ಹಲಗೆಯ ಒಂದು ಚೂರು ನಮ್ಮ ಕರಾವಳಿಗೂ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿಗೆ ಹಣ, ಜನ ಎರಡೂ ಹರಿದುಬರುತ್ತಿದ್ದದ್ದು ಹೆಚ್ಚಾಗಿ ವುರ್ಟೆಂಬರ್ಗಿನ ಭಕ್ತಿಪಂಥದ ಹಳ್ಳಿಗಳಿಂದ. ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಆ ಸೀಮೆಯವನೇ. ಮತಾಂತರದ ಲೆಕ್ಕದಲ್ಲಿ ಅವರಿಗೆ ಸಿಕ್ಕ ಫಲ ಅಷ್ಟಕ್ಕಷ್ಟೆ. ಮುದ್ರಣಾಲಯ, ಶಾಲೆ, ಹೆಂಚಿನ ಕಾರ್ಖಾನೆ, 1894ರ ಕಿಟ್ಟೆಲ್ ನಿಘಂಟು ಉಳಿದವು. ಇಲ್ಲೂ ನಂಬಿಕೆಗಿಂತ ಏರ್ಪಾಡಿಗೆ ಆಯುಸ್ಸು ಹೆಚ್ಚು.

ಆಸ್ಪತ್ರೆಯ ಬಾಗಿಲ ಮೇಲಿನ ಶಿಲುಬೆ

ಕಲ್ಯಾಣ ರಾಜ್ಯ ಎಂದು ನಾವು ಕರೆಯುವ ಯೂರೋಪಿನ ವ್ಯವಸ್ಥೆಯಲ್ಲಿ ಧರ್ಮದ ಪಾಲು ಇನ್ನೂ ಆಳಕ್ಕೆ ಇಳಿದಿದೆ. 1848ರಲ್ಲಿ ಪ್ರೊಟೆಸ್ಟೆಂಟರ ಕಡೆಯಿಂದ ವಿಶೆರ್ನ್ ಎಂಬಾತ ಸೇವಾ ಸಂಘಗಳನ್ನೆಲ್ಲ ಒಂದು ಸೂರಿನಡಿ ತಂದ. ಅದೇ ಇಂದಿನ ಡಿಯಾಕೊನಿ. 1897ರಲ್ಲಿ ಲೊರೆನ್ಸ್ ವೆರ್ಟ್‌ಮನ್ ಎಂಬ ಕ್ಯಾಥೊಲಿಕ್ ಪಾದ್ರಿ ಕಾರಿಟಾಸ್ ಶುರುಮಾಡಿದ. ಇಂದು ಕಾರಿಟಾಸ್‌ನಲ್ಲಿ ಸುಮಾರು 7 ಲಕ್ಷ, ಡಿಯಾಕೊನಿಯಲ್ಲಿ 6 ಲಕ್ಷಕ್ಕೂ ಹೆಚ್ಚು ನೌಕರರಿದ್ದಾರೆ. ಸರ್ಕಾರ ಬಿಟ್ಟರೆ ದೇಶದಲ್ಲಿ ಇಷ್ಟು ಜನಕ್ಕೆ ಕೆಲಸ ಕೊಡುವವರು ಕಡಿಮೆ. ಕೇರಳ, ಮಂಗಳೂರಿನಿಂದ ಹೋಗುವ ನರ್ಸ್‌ಗಳಲ್ಲಿ ಅನೇಕರು ಸೇರುವುದು ಇವರ ಆಸ್ಪತ್ರೆ, ವೃದ್ಧಾಶ್ರಮಗಳಿಗೆ.

ಈ ಆಸ್ಪತ್ರೆಗಳು ಚರ್ಚ್ ತೆರಿಗೆಯಿಂದ ನಡೆಯುತ್ತವೆ ಎಂಬ ಭಾವನೆ ಜರ್ಮನರಲ್ಲೇ ಬಹಳ ಜನಕ್ಕಿದೆ. ‘ತೆರಿಗೆ ಕೊಡುವುದನ್ನು ನಿಲ್ಲಿಸಿದರೆ ವೃದ್ಧಾಶ್ರಮ ಮುಚ್ಚಿಹೋಗುತ್ತದೆ’ ಎಂದು ಹೇಳಿ ಸದಸ್ಯರಾಗಿಯೇ ಉಳಿದವರೂ ಇದ್ದಾರೆ. ವಾಸ್ತವದಲ್ಲಿ ಹಣ ಬರುವುದು ಆರೋಗ್ಯ ವಿಮೆ, ಆರೈಕೆ ವಿಮೆ ಮತ್ತು ಸರ್ಕಾರದಿಂದ. ಚರ್ಚ್ ತೆರಿಗೆಯ ದೊಡ್ಡ ಭಾಗ ಖರ್ಚಾಗುವುದು ಪಾದ್ರಿಗಳು ಮತ್ತು ಸಿಬ್ಬಂದಿಯ ಸಂಬಳ, ಪಿಂಚಣಿ, ಕಟ್ಟಡಗಳಿಗೆ. ಹಾಗಾದರೆ ಸರ್ಕಾರದ ದುಡ್ಡಿನ ಆಸ್ಪತ್ರೆಯನ್ನು ಚರ್ಚು ಏಕೆ ನಡೆಸಬೇಕು? ಉತ್ತರ ಒಂದು ತತ್ವದಲ್ಲಿದೆ: ಸಣ್ಣ ಘಟಕ ಮಾಡಬಲ್ಲ ಕೆಲಸವನ್ನು ದೊಡ್ಡದು ಕಿತ್ತುಕೊಳ್ಳಬಾರದು. ಕುಟುಂಬ ಮಾಡುವುದನ್ನು ಪುರಸಭೆ, ಸಂಘಸಂಸ್ಥೆ ಮಾಡುವುದನ್ನು ಸರ್ಕಾರ ಮಾಡಕೂಡದು. 1931ರಲ್ಲಿ 11ನೇ ಪಯಸ್ ಪೋಪ್ ತಮ್ಮ ಸುತ್ತೋಲೆಯಲ್ಲಿ ಇದಕ್ಕೆ ಖಚಿತ ರೂಪ ಕೊಟ್ಟರು. ಅವರ ಕಣ್ಣಮುಂದಿದ್ದದ್ದು ಮುಸೊಲಿನಿಯ ಇಟಲಿ. 1961ರ ಜರ್ಮನ್ ಸಮಾಜ ಕಲ್ಯಾಣ ಕಾನೂನು ಇದೇ ತತ್ವದ ಮೇಲೆ ಖಾಸಗಿ ಸೇವಾಸಂಸ್ಥೆಗಳಿಗೆ ಆದ್ಯತೆ ಕೊಟ್ಟಿತು, 1967ರಲ್ಲಿ ಸಂವಿಧಾನ ನ್ಯಾಯಾಲಯ ಎತ್ತಿಹಿಡಿಯಿತು. 1992ರಲ್ಲಿ ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದದ ಮೂಲಕ ಅದು ಯೂರೋಪಿಯನ್ ಒಕ್ಕೂಟದ ನಿಯಮವೂ ಆಯಿತು. ಬ್ರಸೆಲ್ಸ್‌ನಲ್ಲಿ ಈ ತತ್ವದ ಮೇಲೆ ಕಿತ್ತಾಡುವವರಿಗೆ ಅದು ಪೋಪರ ಬಾಯಿಂದ ಬಂದದ್ದೆಂಬ ನೆನಪು ಇರುವುದು ಅಪರೂಪ.

ಈ ಏರ್ಪಾಡಿನ ಬಿಸಿ ತಟ್ಟುವುದು ನೌಕರರಿಗೆ. ಚರ್ಚಿನ ಸಂಸ್ಥೆಗಳಿಗೆ ಪ್ರತ್ಯೇಕ ಕಾರ್ಮಿಕ ನಿಯಮಗಳಿವೆ. ಸಂಬಳವನ್ನು ಜಂಟಿ ಸಮಿತಿ ಗೊತ್ತುಮಾಡುತ್ತದೆ, ಮುಷ್ಕರಕ್ಕೆ ಜಾಗವಿಲ್ಲ. ಡ್ಯುಸೆಲ್‌ಡಾರ್ಫ್‌ನ ಕ್ಯಾಥೊಲಿಕ್ ಆಸ್ಪತ್ರೆಯೊಂದರಲ್ಲಿ ವಿಚ್ಛೇದನದ ನಂತರ ಮರುಮದುವೆಯಾದ ಮುಖ್ಯ ವೈದ್ಯರನ್ನು ಕೆಲಸದಿಂದ ತೆಗೆದರು. ಅದೇ ಹುದ್ದೆಯಲ್ಲಿ ಪ್ರೊಟೆಸ್ಟೆಂಟ್ ವೈದ್ಯರಿದ್ದಿದ್ದರೆ ಮರುಮದುವೆಗೆ ಅಡ್ಡಿ ಇರಲಿಲ್ಲ. ಆ ಎಳೆಯನ್ನು ಹಿಡಿದೇ ಯೂರೋಪಿಯನ್ ನ್ಯಾಯಾಲಯ 2018ರಲ್ಲಿ ಪ್ರಶ್ನೆ ಎತ್ತಿತು, 2019ರಲ್ಲಿ ವೈದ್ಯರು ಗೆದ್ದರು. 2022ರ ನವೆಂಬರಿನಲ್ಲಿ ಬಿಷಪ್ಪರು ನಿಯಮ ಬದಲಿಸಿ, ಮರುಮದುವೆ, ಸಲಿಂಗ ಸಂಬಂಧಗಳು ಇನ್ನು ನೌಕರಿಗೆ ಅಡ್ಡಿಯಲ್ಲ ಎಂದರು. ಚರ್ಚಿನಿಂದ ಹೊರಬಂದವರಿಗೆ ಮಾತ್ರ ಕತ್ತಿ ಇನ್ನೂ ತೂಗುತ್ತಿದೆ. ಚರ್ಚಿನ ಸಂಸ್ಥೆಯಲ್ಲಿ ಕೆಲಸಕ್ಕಿರುವವರು ಕೆಳಗೆ ಹೇಳುವ ‘ನಿರ್ಗಮನ’ಕ್ಕೆ ಹೊರಡುವ ಮೊದಲು ತಮ್ಮ ನೇಮಕ ಪತ್ರವನ್ನು ಇನ್ನೊಮ್ಮೆ ಓದಬೇಕು.

ಭಾನುವಾರದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನಗರದ ಜನಕ್ಕೆ, ನ್ಯಾಯಾಧೀಶರಿಗೆ ಭಾನುವಾರ ರಜೆ ಘೋಷಿಸಿ, ರೈತರನ್ನು ಮಾತ್ರ ಬಿಟ್ಟಿದ್ದ. ಜರ್ಮನ್ ಸಂವಿಧಾನದಲ್ಲಿ ಆ ದಿನ ದುಡಿಮೆಯಿಂದ ಬಿಡುವಿಗೆ ಮತ್ತು ಮನಸ್ಸಿನ ಉನ್ನತಿಗೆ ಮೀಸಲು. ಕ್ರಿಸ್ಮಸ್ ಮುಂಚಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬಿಟ್ಟಿದ್ದ ಬರ್ಲಿನ್ ಕಾನೂನನ್ನು ಚರ್ಚುಗಳು ಪ್ರಶ್ನಿಸಿ 2009ರ ಡಿಸೆಂಬರ್ 1ರಂದು ಗೆದ್ದವು. ಅವರ ಬೆನ್ನಿಗೆ ನಿಂತದ್ದು ಅಂಗಡಿ ನೌಕರರ ಕಾರ್ಮಿಕ ಸಂಘ. ಅದಕ್ಕೆ ಬೇಕಿದ್ದದ್ದು ಪ್ರಾರ್ಥನೆಯಲ್ಲ, ರಜೆ. ಹೆಸ್ಸೆಯಲ್ಲಿ ಒಬ್ಬ ಕೆಲಸಗಾರನೂ ಇಲ್ಲದ, ಕಾರ್ಡ್ ಉಜ್ಜಿ ಒಳಹೋಗುವ ಯಂತ್ರಚಾಲಿತ ಅಂಗಡಿಗೂ 2023ರ ಕೊನೆಗೆ ಕಾಸೆಲ್‌ನ ನ್ಯಾಯಾಲಯ ಭಾನುವಾರ ಬೀಗ ಹಾಕಿಸಿತು. ದಣಿಯಲು ಅಲ್ಲಿ ಯಾರೂ ಇಲ್ಲವಲ್ಲ ಎಂಬ ವಾದ ನಿಲ್ಲಲಿಲ್ಲ. ಕೊನೆಗೆ ರಾಜ್ಯ ಕಾನೂನನ್ನೇ ತಿದ್ದಬೇಕಾಯಿತು.

ಹೊರಬರುವ ದಾರಿ

1950ರ ಹೊತ್ತಿಗೆ ಪಶ್ಚಿಮ ಜರ್ಮನಿಯ ಶೇ 95ಕ್ಕೂ ಹೆಚ್ಚು ಜನ ಎರಡು ಚರ್ಚುಗಳಲ್ಲಿ ಒಂದಕ್ಕೆ ಸೇರಿದ್ದರು. 2022ರ ಹೊತ್ತಿಗೆ ಇಡೀ ದೇಶದಲ್ಲಿ ಇದು ಅರ್ಧಕ್ಕಿಂತ ಕೆಳಗಿಳಿಯಿತು. 2024ರ ಕೊನೆಗೆ ಕ್ಯಾಥೊಲಿಕರು ಸುಮಾರು 1.98 ಕೋಟಿ, ಪ್ರೊಟೆಸ್ಟೆಂಟರು 1.8 ಕೋಟಿ. ಇಳಿತ ನೇರ ರೇಖೆಯಲ್ಲಿ ಆಗಲಿಲ್ಲ, ಏಟು ಬಿದ್ದಾಗಲೆಲ್ಲ ಜಿಗಿಯಿತು. 1990ರಲ್ಲಿ ಜರ್ಮನಿ ಒಂದಾಗಿ ಪೂರ್ವಕ್ಕೂ ಚರ್ಚ್ ತೆರಿಗೆ ಬಂದಾಗ ಒಂದು ಅಲೆ. 2015ರಿಂದ ಬ್ಯಾಂಕುಗಳೇ ಬಡ್ಡಿ, ಲಾಭಾಂಶಗಳ ಮೇಲಿನ ಚರ್ಚ್ ತೆರಿಗೆಯನ್ನು ತಾವಾಗಿ ಕತ್ತರಿಸಲು ಶುರುಮಾಡಿದವು. ಅದು ಹೊಸ ತೆರಿಗೆಯಲ್ಲ, ಹಳೆಯದರ ವಸೂಲಿಯಷ್ಟೆ. ಆದರೂ ಬ್ಯಾಂಕಿನಿಂದ ಬಂದ ತಿಳಿವಳಿಕೆ ಪತ್ರ ಓದಿ 2014ರಲ್ಲೇ 2 ಲಕ್ಷಕ್ಕೂ ಹೆಚ್ಚು ಕ್ಯಾಥೊಲಿಕರು ಹೊರಬಿದ್ದರು. 2018ರಲ್ಲಿ ಹೊರಬಂದ ವರದಿ 1,670 ಪಾದ್ರಿಗಳು ಮತ್ತಿತರ ಧರ್ಮಸೇವಕರು 3,677 ಮಕ್ಕಳ ಮೇಲೆ ನಡೆಸಿದ ದೌರ್ಜನ್ಯವನ್ನು ದಾಖಲಿಸಿತು. 2022ರ ಜನವರಿಯಲ್ಲಿ ಮ್ಯೂನಿಕ್ ಧರ್ಮಪ್ರಾಂತ್ಯದಲ್ಲಿ ನಡೆದ ದೌರ್ಜನ್ಯಗಳ ವರದಿ ಬಂತು; ಆ ವರ್ಷ ಕ್ಯಾಥೊಲಿಕ್ ಚರ್ಚ್ ತೊರೆದವರು 5,22,821. ಇದು ದಾಖಲೆ.

ಆದರೆ ಹಗರಣ ಒಂದೇ ಕಾರಣವಾಗಿದ್ದರೆ ಪ್ರೊಟೆಸ್ಟೆಂಟ್ ಚರ್ಚಿನಿಂದಲೂ ವರ್ಷಕ್ಕೆ ಮೂರೂವರೆ ಲಕ್ಷದಷ್ಟು ಜನ ಹೊರಹೋಗುವುದನ್ನು ವಿವರಿಸುವುದು ಕಷ್ಟ. ಫ್ರೈಬುರ್ಗ್ ವಿಶ್ವವಿದ್ಯಾಲಯದ 2019ರ ಅಧ್ಯಯನ ತೋರಿಸಿದ್ದು ಇದನ್ನು: ಬಿಡುವವರು ಹೆಚ್ಚಾಗಿರುವುದು 20ರ ಹರೆಯದ ಮಧ್ಯದಿಂದ 30ರ ಆಚೀಚೆ, ಅಂದರೆ ಮೊದಲ ಗಟ್ಟಿ ಸಂಬಳ ಕೈಗೆ ಬರುವ ಹೊತ್ತು. ಅಲ್ಲಿಯವರೆಗೆ ಚರ್ಚಿನ ಸದಸ್ಯತ್ವ ಎನ್ನುವುದು ಅಜ್ಜಿ ಮನೆಯ ಫೋಟೊದಂತೆ ಗೋಡೆಯ ಮೇಲೆ ಇರುತ್ತದೆ. ಸಂಬಳ ಚೀಟಿಯಲ್ಲಿ ಬೆಲೆ ಕಂಡ ದಿನ, ಇದು ನನಗೆ ಬೇಕೇ ಎಂಬ ಪ್ರಶ್ನೆ ಏಳುತ್ತದೆ. ಹಗರಣ ಬಾಗಿಲು ತೋರಿಸಬಹುದು. ಹೊಸ್ತಿಲು ದಾಟಿಸುವುದು ಆ ಸಾಲು.

ಹೊರಬರಲು ಪಾದ್ರಿಯ ಹತ್ತಿರ ಹೋಗುವಂತಿಲ್ಲ. ನಾರ್ತ್ ರೈನ್–ವೆಸ್ಟ್‌ಫಾಲಿಯ, ಬರ್ಲಿನ್ ಮುಂತಾದ ಕಡೆ ಸ್ಥಳೀಯ ನ್ಯಾಯಾಲಯಕ್ಕೆ, ಬವೇರಿಯ, ಬಾಡೆನ್–ವುರ್ಟೆಂಬರ್ಗ್ ಕಡೆ ಜನನ–ವಿವಾಹ ನೋಂದಣಿ ಕಚೇರಿಗೆ ಹೋಗಬೇಕು. ಚರ್ಚು ಬಿಡಲು ಕೋರ್ಟು ಏಕೆ ಎಂದರೆ, 1873ರಲ್ಲಿ ಬಿಸ್ಮಾರ್ಕ್ ಕ್ಯಾಥೊಲಿಕ್ ಚರ್ಚಿನೊಡನೆ ಜಗಳಕ್ಕೆ ಬಿದ್ದಿದ್ದಾಗ ಬಂದ ಪ್ರಷ್ಯದ ಕಾನೂನು, ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟರೆ ಸಾಕು ಎಂದಿತ್ತು. ಪ್ರಷ್ಯ ನಕ್ಷೆಯಿಂದ ಅಳಿಸಿಹೋಯಿತು, ಸರದಿಸಾಲು ಉಳಿಯಿತು. ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಜತೆಗೆ ವಿಳಾಸ ನೋಂದಣಿಯ ಪತ್ರ ಒಯ್ಯಬೇಕು. ಶುಲ್ಕ ಬಹಳ ಕಡೆ 30 ಯೂರೋ ಆಸುಪಾಸು. ಕಾರಣ ಯಾರೂ ಕೇಳುವುದಿಲ್ಲ. 14 ತುಂಬಿದ ಮಕ್ಕಳು ತಾವೇ ಹೋಗಿ ಬಿಡಬಹುದು. ಆನ್‌ಲೈನ್ ಸೇವೆ ಎಂದು ಹೇಳಿ ದುಡ್ಡು ತೆಗೆದುಕೊಳ್ಳುವ ಖಾಸಗಿ ಜಾಲತಾಣಗಳು ಅರ್ಜಿಯನ್ನು ಮುದ್ರಿಸಿ ಕೊಡುತ್ತವೆಯೇ ಹೊರತು ಅದರಿಂದ ಕೆಲಸ ಮುಗಿಯುವುದಿಲ್ಲ.

ತಪ್ಪುವುದು ಸಾಮಾನ್ಯವಾಗಿ ಮುಂದಿನ ಹಂತಗಳಲ್ಲಿ. ವರ್ಷದ ಕೊನೆಗೆ ದೊಡ್ಡ ಬೋನಸ್ ಬರುತ್ತದೆಂದು ನವೆಂಬರಿನಲ್ಲಿ ಬಿಟ್ಟು, ಡಿಸೆಂಬರಿನ ಬೋನಸ್ ತಪ್ಪಿಸಿಕೊಂಡಿತು ಎಂದು ಖುಷಿಪಡುವವರಿದ್ದಾರೆ. ಆದರೆ ರಿಟರ್ನ್ ಲೆಕ್ಕ ಹಾಕುವಾಗ ಇಡೀ ವರ್ಷದ ತೆರಿಗೆಯನ್ನು 12ರಿಂದ ಭಾಗಿಸಿ ಸದಸ್ಯರಾಗಿದ್ದ ತಿಂಗಳುಗಳಿಂದ ಗುಣಿಸುತ್ತಾರೆ. ನವೆಂಬರ್ ಕೊನೆಗೆ ಬಿಟ್ಟವರು ಬೋನಸ್ಸೂ ಸೇರಿದ ಒಟ್ಟು ತೆರಿಗೆಯ 12ರಲ್ಲಿ 11 ಪಾಲಿನ ಮೇಲೆ ಕಟ್ಟಲೇಬೇಕು. ಎರಡನೆಯದು, ನಿರ್ಗಮನದ ಪ್ರಮಾಣಪತ್ರ. ಅದನ್ನು ಬದುಕಿರುವವರೆಗೆ ಜೋಪಾನ ಮಾಡಬೇಕು. ಇಪ್ಪತ್ತು ವರ್ಷದ ನಂತರ ಬೇರೆ ರಾಜ್ಯಕ್ಕೆ ಮನೆ ಬದಲಿಸಿದಾಗ ‘ನೀವು ಬಿಟ್ಟದ್ದಕ್ಕೆ ಪುರಾವೆ ಏನು’ ಎಂದು ಕೇಳಿದರೆ ತೋರಿಸಬೇಕಾದವರು ನೀವು. ಮೂರನೆಯದು ಮಿಶ್ರ ದಂಪತಿಗಳದು. ಹೆಂಡತಿ ಚರ್ಚಿನ ಸದಸ್ಯೆ, ಸಂಪಾದನೆ ಇಲ್ಲ. ಗಂಡ ಹಿಂದೂ, ಒಳ್ಳೆಯ ಸಂಬಳ. ಇಬ್ಬರೂ ಸೇರಿ ಒಂದೇ ರಿಟರ್ನ್ ಹಾಕಿದರೆ ಕೆಲವು ರಾಜ್ಯಗಳಲ್ಲಿ ‘ವಿಶೇಷ ಚರ್ಚ್ ಹಣ’ ಎಂಬ ಹೆಸರಿನಲ್ಲಿ ವರ್ಷಕ್ಕೆ 96ರಿಂದ 3,600 ಯೂರೋವರೆಗೆ ಬೇಡಿಕೆ ಬರಬಹುದು. ಬವೇರಿಯ 2018ರಲ್ಲಿ ಇದನ್ನು ಕೈಬಿಟ್ಟಿತು. ಉಳಿದ ಕಡೆ ಬೇರೆ ಬೇರೆ ರಿಟರ್ನ್ ಹಾಕಿದರೆ ತಪ್ಪುತ್ತದೆ, ಆದರೆ ಜಂಟಿ ರಿಟರ್ನಿನ ಲಾಭ ಅದಕ್ಕಿಂತ ದೊಡ್ಡದಾಗಿರಬಹುದು. ಎರಡೂ ರೀತಿ ಲೆಕ್ಕ ಹಾಕಿ ನೋಡಬೇಕು.

ಇನ್ನು ವಿಳಾಸ ನೋಂದಣಿ ಅರ್ಜಿಯ ಧರ್ಮದ ಕಾಲಂನಲ್ಲಿ ‘ಧರ್ಮವಿಲ್ಲ’ ಎಂದು ಬರೆದು ಪಾರಾಗುವ ಉಪಾಯ. ಕ್ಯಾಥೊಲಿಕ್ ಚರ್ಚಿನ ದೃಷ್ಟಿಯಲ್ಲಿ ಜ್ಞಾನಸ್ನಾನ ಮಂಗಳೂರಿನಲ್ಲಿ ಆದರೂ ಒಂದೇ, ಮ್ಯೂನಿಕ್‌ನಲ್ಲಿ ಆದರೂ ಒಂದೇ. ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ತೆರಿಗೆಯ ಹೊಣೆ ಹುಟ್ಟುತ್ತದೆ. ಮಗುವಿನ ಜ್ಞಾನಸ್ನಾನಕ್ಕೋ ಮದುವೆಗೋ ಅಲ್ಲಿನ ಧರ್ಮಕೇಂದ್ರಕ್ಕೆ ಕಾಗದ ಕೊಟ್ಟಾಗ ಹಳೆಯದೆಲ್ಲ ಹೊರಗೆ ಬರುತ್ತದೆ. ಕಾನೂನುಬದ್ಧವಾಗಿ ಬಿಟ್ಟರೂ ಭಕ್ತರಿಗೆ ನಷ್ಟವಿದೆ. ‘ನಾನು ತೆರಿಗೆ ಎತ್ತುವ ನಿಗಮವನ್ನು ಬಿಟ್ಟಿದ್ದೇನೆ, ಶ್ರದ್ಧೆಯನ್ನಲ್ಲ’ ಎಂದು ಹಾರ್ಟ್‌ಮುಟ್ ತ್ಸಾಪ್ ಎಂಬ ಚರ್ಚ್ ಕಾನೂನಿನ ಪ್ರಾಧ್ಯಾಪಕರೇ ವಾದ ಹೂಡಿದ್ದರು. 2012ರ ಸೆಪ್ಟೆಂಬರಿನಲ್ಲಿ ಲೈಪ್ಜಿಗ್‌ನ ನ್ಯಾಯಾಲಯ, ಎರಡನ್ನೂ ಬೇರ್ಪಡಿಸಲಾಗದು ಎಂದಿತು. ಅದೇ ವಾರ ಬಿಷಪ್ಪರ ಆಜ್ಞೆ ಜಾರಿಗೆ ಬಂತು: ಬಿಟ್ಟವರಿಗೆ ಪರಮಪ್ರಸಾದವಿಲ್ಲ, ಧರ್ಮಪಿತ–ಧರ್ಮಮಾತೆ ಆಗುವಂತಿಲ್ಲ. ಊರಿಗೆ ಬಂದು ಮದುವೆಯಾಗುವ ಯೋಚನೆಯಿರುವ ಮಂಗಳೂರಿಗರಿಗೆ ಇದು ಸಣ್ಣ ಮಾತಲ್ಲ. ನಿಯಮದಂತೆ ಜ್ಞಾನಸ್ನಾನ ಪಡೆದ ಧರ್ಮಕೇಂದ್ರದ ಪುಸ್ತಕದಲ್ಲೂ ಈ ನಿರ್ಗಮನದ ಟಿಪ್ಪಣಿ ಬೀಳಬೇಕು.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಆಸ್ಟ್ರಿಯದಲ್ಲಿ 1939ರಲ್ಲಿ ನಾತ್ಸಿಗಳು ತಂದ ಕಾನೂನಿನಂತೆ ಕ್ಯಾಥೊಲಿಕ್ ಚರ್ಚು ಆದಾಯದ ಶೇ 1.1ನ್ನು ತಾನೇ ವಸೂಲಿ ಮಾಡುತ್ತದೆ. ಜನ ಚರ್ಚನ್ನು ಶಪಿಸಲಿ ಎಂಬುದೇ ಆಗಿನ ಲೆಕ್ಕಾಚಾರ. ಇಟಲಿಯಲ್ಲಿ ಎಲ್ಲರ ಆದಾಯ ತೆರಿಗೆಯ ಶೇ 0.8ನ್ನು ಯಾವ ಧರ್ಮಸಂಸ್ಥೆಗೆ ಅಥವಾ ಸರ್ಕಾರಕ್ಕೆ ಕೊಡಬೇಕೆಂದು ಟಿಕ್ ಹಾಕುತ್ತಾರೆ. ಹೊರಹೋಗಿ ಉಳಿಸುವುದು ಏನೂ ಇಲ್ಲದ್ದರಿಂದ ಹೊರಹೋಗುವ ಆತುರವೂ ಇಲ್ಲ. ಫ್ರಾನ್ಸ್ 1905ರಲ್ಲಿ ಚರ್ಚನ್ನು ಪೂರ್ತಿ ಬೇರ್ಪಡಿಸಿತು. ಆದರೆ ಆಗ ಜರ್ಮನಿಯ ವಶದಲ್ಲಿದ್ದ ಆಲ್ಸೇಸ್‌ನಲ್ಲಿ ಇಂದಿಗೂ ಪಾದ್ರಿಗಳಿಗೆ ಸಂಬಳ ಕೊಡುವುದು ಫ್ರೆಂಚ್ ಸರ್ಕಾರವೇ.

ಫ್ರೈಬುರ್ಗ್ ಅಧ್ಯಯನದ ಅಂದಾಜಿನಂತೆ 2017ರಲ್ಲಿ 4.48 ಕೋಟಿ ಇದ್ದ ಎರಡು ಚರ್ಚುಗಳ ಸದಸ್ಯಸಂಖ್ಯೆ 2060ಕ್ಕೆ 2.27 ಕೋಟಿಗೆ ಇಳಿಯುತ್ತದೆ, ಹಣದ ಬಲವೂ ಅರ್ಧವಾಗುತ್ತದೆ. ಕಟ್ಟಡಗಳ ಗತಿ ಈಗಾಗಲೇ ಕಾಣುತ್ತಿದೆ. ಮುನ್ಶೆನ್‌ಗ್ಲಾಡ್‌ಬಾಖ್‌ನ ಸೇಂಟ್ ಪೀಟರ್ ಚರ್ಚಿನ ಗೋಡೆಗಳನ್ನು 2010ರಿಂದ ಜನ ಹಗ್ಗ ಕಟ್ಟಿಕೊಂಡು ಹತ್ತುತ್ತಿದ್ದಾರೆ. ಅದು ಫೋಟೊ ತೆಗೆಯಲು ಚೆಂದ. ನಿಜವಾದ ತಲೆನೋವು ಶಿಶುವಿಹಾರಗಳದು. ಜರ್ಮನಿಯ ಶಿಶುವಿಹಾರಗಳಲ್ಲಿ ಸುಮಾರು ಮೂರರಲ್ಲೊಂದು ಚರ್ಚುಗಳ ಕೈಯಲ್ಲಿದೆ. ನಾರ್ತ್ ರೈನ್–ವೆಸ್ಟ್‌ಫಾಲಿಯದ ನಿಯಮದಂತೆ ಚರ್ಚು ನಡೆಸುವ ಶಿಶುವಿಹಾರದ ಖರ್ಚಿನಲ್ಲಿ ಚರ್ಚಿನ ಸ್ವಂತ ಪಾಲು ಶೇ 10.3, ಉಳಿದದ್ದು ರಾಜ್ಯ ಮತ್ತು ಪುರಸಭೆಗಳದು. ಆ ಶೇ 10.3 ಬರುವುದು ಚರ್ಚ್ ತೆರಿಗೆಯಿಂದ. ಧರ್ಮಕೇಂದ್ರ ಕೈಚೆಲ್ಲಿದರೆ ಕಟ್ಟಡ, ಸಿಬ್ಬಂದಿ, ಆ ಪಾಲು ಎಲ್ಲವೂ ಊರಿನ ಖಜಾನೆಗೆ ಬೀಳುತ್ತದೆ. ಮೂವತ್ತರ ಹೊಸ್ತಿಲಲ್ಲಿ ನ್ಯಾಯಾಲಯದ ಸಾಲಿನಲ್ಲಿ ನಿಂತು 900 ಯೂರೋ ಉಳಿಸಿಕೊಂಡವರು ಎರಡು ವರ್ಷದ ನಂತರ ಮಗುವಿನ ಕೈಹಿಡಿದು ಅದೇ ಬೀದಿಯ ಶಿಲುಬೆಯ ಬಾಗಿಲಲ್ಲಿ ಜಾಗಕ್ಕಾಗಿ ಹೆಸರು ಬರೆಸುತ್ತಾರೆ. ಪುರಸಭೆಯ ಮುಂದಿನ ಬಜೆಟ್ ಸಭೆಯಲ್ಲಿ ಆ ಶೇ 10.3 ಯಾರ ಹೆಸರಿಗೆ ಬೀಳುತ್ತದೆ ಎಂಬ ಚರ್ಚೆ ಎಷ್ಟೋ ಊರುಗಳಲ್ಲಿ ಶುರುವಾಗಿದೆ.